ಮರ ಕಲ್ಲಾಗುವ ಬಗೆ: ಪಳೆಯುಳಿಕೆಗಳ ಕುರಿತು ಒಂದು ಅಧ್ಯಯನ ಟಿಪ್ಪಣಿ

ಕೋಟ್ಯಂತರ ವರ್ಷ ನೆಲದಡಿ ಬಿದ್ದಿದ್ದರೆ ಯಾವುದೇ ಜೀವಿಯ ಒಡಲು ತಾನಾಗಿ ಕಲ್ಲಾಗುತ್ತದೆ ಎಂದುಕೊಂಡೇ ನಾನು ಈ ಪಾಠವನ್ನು ಓದಲು ತೊಡಗಿದ್ದೆ. ಆದರೆ ಬಯಲಲ್ಲಿ ಉರುಳಿಬಿದ್ದ ಮರವನ್ನು ಗೆದ್ದಲು, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಬೇಗನೆ ಮಣ್ಣುಮಾಡುತ್ತವೆ. ಆಮೇಲೆ ಎಷ್ಟು ಯುಗಗಳು ಕಳೆದರೂ ಕಲ್ಲಾಗಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಪಳೆಯುಳಿಕೆಯೊಂದು ಕೈಗೆ ಬಂದಾಗ ಅದು ಏಕೆ ಕೊಳೆಯಲಿಲ್ಲ ಎಂಬ ಪ್ರಶ್ನೆಯಿಂದಲೇ ಅಭ್ಯಾಸವನ್ನು ಆರಂಭಿಸುವುದು ಒಳ್ಳೆಯದು.

ಇದಕ್ಕೆ ಒಳ್ಳೆಯ ಉದಾಹರಣೆ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈ. ಅಲ್ಲಿನ ಕಡಲೂರು ಮರಳುಗಲ್ಲಿನಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ ಕಲ್ಲುಮರಗಳು ಅಡ್ಡಡ್ಡ ಬಿದ್ದುಕೊಂಡಿವೆ. ಅವುಗಳಿಗೆ ಬೇರಿಲ್ಲ, ಕೊಂಬೆಗಳಿಲ್ಲ, ತೊಗಟೆಯೂ ಇಲ್ಲ. ಇವು ಅಲ್ಲೇ ಬೆಳೆದ ಮರಗಳಲ್ಲ, ಪ್ರವಾಹದಲ್ಲಿ ಉರುಳಿ ತೇಲಿಬಂದು ಮರಳಿನಡಿ ಹೂತುಹೋದವು ಎಂದು ಭೂವಿಜ್ಞಾನಿಗಳು ಹೇಳುವುದು ಈ ಇಲ್ಲದವುಗಳ ಆಧಾರದ ಮೇಲೆಯೇ. ಹೀಗೆ ಬೇಗನೆ ಹೂತುಹೋದದ್ದರಿಂದ ಗಾಳಿಯ ಸಂಪರ್ಕ ಕಡಿಮೆಯಾಗಿ ಕೊಳೆತ ನಿಧಾನವಾಯಿತು.

ಮುಂದಿನ ಕೆಲಸ ಅಂತರ್ಜಲದ್ದು. ನೀರಿನಲ್ಲಿ ಕರಗಿರುವ ಸಿಲಿಕಾ, ಅಂದರೆ ಮರಳಿನ ಮುಖ್ಯ ಅಂಶ, ಮರದೊಳಕ್ಕೆ ಇಳಿದು, ಜೀವಕೋಶಗಳ ಗೋಡೆಯಲ್ಲಿರುವ ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗೆ ಅಂಟಿಕೊಂಡು ಗೋಡೆಯ ಆಕಾರವನ್ನೇ ತಾನು ತಳೆಯುತ್ತದೆ, ಬಳಿಕ ಕೋಶದ ಟೊಳ್ಳನ್ನೂ ತುಂಬುತ್ತದೆ. ಈ ಸಿಲಿಕಾ ಕ್ರಮೇಣ ಬೆಣಚುಕಲ್ಲಾಗಿ ಗಟ್ಟಿಯಾಗುತ್ತದೆ, ಜೊತೆಗೆ ಕಬ್ಬಿಣದ ಅಂಶವಿದ್ದರೆ ಕೆಂಪು, ಹಳದಿ ಬಣ್ಣಗಳು ಬರುತ್ತವೆ. ಕಲ್ಲುಮರದಿಂದ ಒಂದು ಬಿಲ್ಲೆ ಕೊಯ್ದು, 0.03 ಮಿಲಿಮೀಟರ್ ದಪ್ಪಕ್ಕೆ ಇಳಿಯುವವರೆಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ನೀರು ಸಾಗಿಸುತ್ತಿದ್ದ ನಾಳಗಳು ಇಂದಿಗೂ ಸಾಲಾಗಿ ಕಾಣುತ್ತವೆ; ಮರದ ಕುಲವನ್ನು ಗುರುತಿಸುವುದು ಅವುಗಳಿಂದಲೇ. ಮರವೇ ಇಲ್ಲದೆಯೂ ಅದರ ಒಳರಚನೆ ಇಷ್ಟು ನಿಖರವಾಗಿ ಉಳಿದಿರುವುದು ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ದೊಡ್ಡ ವಿಸ್ಮಯ.

ಇದಕ್ಕೆ ಎಷ್ಟು ಕಾಲ ಬೇಕು? ಜಪಾನಿನ ಸಿಲಿಕಾಭರಿತ ಬಿಸಿನೀರ ಬುಗ್ಗೆಯೊಂದರಲ್ಲಿ ಮುಳುಗಿಸಿಟ್ಟ ಮರದ ತುಂಡುಗಳಲ್ಲಿ 7 ವರ್ಷದೊಳಗೆ ತೂಕದ ಸುಮಾರು 40 ಪ್ರತಿಶತದಷ್ಟು ಸಿಲಿಕಾ ಸೇರಿಕೊಂಡಿತ್ತು. ಸಾಧಾರಣ ನೆಲದಲ್ಲಿ ಇದು ಬಹಳ ನಿಧಾನ, ನಿಜ. ಆದರೂ ಉಳಿವು ತೀರ್ಮಾನವಾಗುವುದು ಕೊಳೆತಕ್ಕೂ ಖನಿಜಕ್ಕೂ ನಡೆಯುವ ಆರಂಭದ ಪೈಪೋಟಿಯಲ್ಲೇ.

ಗಟ್ಟಿ ಭಾಗಗಳಿಲ್ಲದ ಜೀವಿಗಳ ಕಥೆ ಬೇರೆ. ಚಿತ್ರದುರ್ಗ ಮತ್ತು ಶಿವಮೊಗ್ಗ ಜಿಲ್ಲೆಗಳ ಧಾರವಾಡ ಶಿಲಾಸಮೂಹದಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಪಾಚಿಯಂತೆ ಹರಡಿದ್ದ ಸೂಕ್ಷ್ಮಜೀವಿಗಳು ಕೆಸರಿನ ಕಣಗಳನ್ನು ಹಿಡಿದಿಟ್ಟು, ಸುಣ್ಣದ ಅಂಶವನ್ನು ಗಟ್ಟಿಗೊಳಿಸಿ, ಪದರದ ಮೇಲೆ ಪದರವಾಗಿ ಕಟ್ಟಿದ ಗುಮ್ಮಟಗಳಿವು. ಸಾಮಾನ್ಯವಾಗಿ ಇವುಗಳಲ್ಲಿ ಕಟ್ಟಿದವರ ಒಡಲು ಸಿಗುವುದಿಲ್ಲ, ಕಟ್ಟಡವಷ್ಟೇ ಸಿಗುತ್ತದೆ. ಹಾಗಾಗಿಯೇ ಇಲ್ಲಿ ತಪ್ಪು ಓದಿನ ಅಪಾಯವೂ ಹೆಚ್ಚು. ಗ್ರೀನ್‌ಲ್ಯಾಂಡಿನ ಇಸುವಾ ಪ್ರದೇಶದ 370 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ ಎಂದು 2016ರಲ್ಲಿ ಒಂದು ತಂಡ ಪ್ರಕಟಿಸಿತು. 2018ರಲ್ಲಿ ಮತ್ತೊಂದು ತಂಡ ಶಂಕುವಿನಾಕಾರದ ಅದೇ ರಚನೆಗಳನ್ನು ಬೇರೆ ಬೇರೆ ಬದಿಗಳಿಂದ ಪರೀಕ್ಷಿಸಿ, ಅವು ಬಂಡೆ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡಾಗ ಮೂಡಿದ ಏಣುಗಳು ಎಂದು ವಾದಿಸಿತು.