ಕೈಕೆಲಸದ ಸಾಮಾನಿಗೆ ಸೇಲ್ಸ್ ಏಜೆಂಟ್: ಮೊದಲು ರೇಟು, ಆಮೇಲೆ ಹುಡುಕಾಟ

ನಮ್ಮ ಕಡೆ ಕೈಕೆಲಸಕ್ಕೆ ಬರವಿಲ್ಲ. ಚಳ್ಳಕೆರೆ ಕಂಬಳಿ ಇದೆ, ಮೊಳಕಾಲ್ಮೂರು ಸೀರೆ ಇದೆ, ತಾಂಡಾಗಳಲ್ಲಿ ಲಂಬಾಣಿ ಕಸೂತಿ ಇದೆ. ಅಂಗಡಿ ಅಂಗಡಿಗೆ ಹೋಗಿ ತೋರಿಸಿ, ಕಮಿಷನ್ ಮೇಲೆ ಆರ್ಡರ್ ತರುವ ಸೇಲ್ಸ್ ಏಜೆಂಟರೇ ಕಡಿಮೆ. ಹಾಗಂತ ಸಿಕ್ಕವರಿಗೆ ಸ್ಯಾಂಪಲ್ ಕೊಟ್ಟು ಕಳಿಸಬೇಡಿ. ಮೊದಲು ನಮ್ಮ ರೇಟಿನಲ್ಲಿ ಅವರ ಕಮಿಷನ್‌ಗೆ ಜಾಗ ಇದೆಯಾ ನೋಡಿ.

ಲೆಕ್ಕಕ್ಕೆ ಒಂದು ಕಸೂತಿ ಚೀಲ ಇಟ್ಟುಕೊಳ್ಳೋಣ. ಬಟ್ಟೆ, ದಾರ, ಕನ್ನಡಿ ಸೇರಿ 150 ರೂಪಾಯಿ. ಕಸೂತಿ, ಹೊಲಿಗೆ ಕೂಲಿ 250. ಅಸಲು 400. (ಮನೆಯವರೇ ಹೊಲಿದರೂ ಕೂಲಿ ಹಿಡಿಯಲೇಬೇಕು. ಬಿಡುವವರೇ ಜಾಸ್ತಿ!) ಅಂಗಡಿಗೆ 500ಕ್ಕೆ ಕೊಟ್ಟರೆ, ಶೇ. 15 ಕಮಿಷನ್ 75 ಹೋಗುತ್ತದೆ. ಉಳಿದದ್ದು 25. ಪಾರ್ಸೆಲ್ ಖರ್ಚಿಗೇ ಅದು ಸಾಲಲ್ಲ. 600ಕ್ಕೆ ಕೊಟ್ಟರೆ ಕಮಿಷನ್ 90, ನಮಗೆ 110.

ಅಂಗಡಿಯವರು ಬಾಡಿಗೆ, ಕರೆಂಟು, ಮಾರಾಟವಾಗದೆ ಉಳಿಯುವ ಸರಕು ಎಲ್ಲ ನೋಡಿಕೊಂಡು ಅದಕ್ಕೆ 1,100 ಹಾಕಿದರು ಅನ್ನಿ. ಆ ಬೆಲೆಗೆ ಗಿರಾಕಿ ಕೊಳ್ಳಲ್ಲ ಅನ್ನಿಸಿದರೆ ಆ ಚೀಲವನ್ನು ಏಜೆಂಟಿಗೆ ಕೊಡಬೇಡಿ, ಮೇಳದಲ್ಲಿ ನಾವೇ ಮಾರಿಕೊಳ್ಳೋಣ. ಕೊಳ್ಳುತ್ತಾರೆ ಅಂದರೆ, ಮೇಳದಲ್ಲೂ ನಾವು 600ಕ್ಕೆ ಮಾರುವ ಹಾಗಿಲ್ಲ. ಅಂಗಡಿಯವರ ಕಿವಿಗೆ ಬಿದ್ದೇ ಬೀಳುತ್ತದೆ, ಮುಂದಿನ ಆರ್ಡರ್ ಬರಲ್ಲ.

ಇನ್ನು ಹುಡುಕೋದು. ಅಂಗಡಿಯವರನ್ನೇ ಕೇಳಿ: "ಅಣ್ಣಾ, ನಿಮ್ಮಲ್ಲಿಗೆ ಸ್ಯಾಂಪಲ್ ತಗೊಂಡು ಯಾರು ಬರ್ತಾರೆ? ಹೇಳಿದ ದಿನಕ್ಕೆ ಮಾಲು ಕಳಿಸ್ತಾರಾ?" ಸೀರೆ, ಕುರ್ತಾ ತೋರಿಸುವವರು ನಮ್ಮ ಚೀಲಕ್ಕೆ ಸರಿಹೋಗುತ್ತಾರೆ. ಬೇರೆಯವರ ಚೀಲವನ್ನೂ ಹೊತ್ತವರು ಬೇಡ. ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು ಎಲ್ಲ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಲೈನಿನಲ್ಲೇ ಬರುವುದರಿಂದ ಒಬ್ಬರೇ ಓಡಾಡಬಹುದು. ಮೊದಲೇ ನಮ್ಮಿಂದ "ರಿಜಿಸ್ಟ್ರೇಷನ್ ಫೀಸು" ಕೇಳಿದರೆ ನಮಸ್ಕಾರ ಹೇಳಿ ಕಳಿಸಿಬಿಡಿ.

ಜಗಳ ಜಾಸ್ತಿ ಆಗೋದು ಉದ್ರಿ ವಿಷಯಕ್ಕೆ. ಅಂಗಡಿಯವರು ಮಾಲು ಇಳಿಸಿಕೊಂಡು "ದುಡ್ಡು ಹಬ್ಬ ಆದಮೇಲೆ" ಅನ್ನುತ್ತಾರೆ. ಏಜೆಂಟ್ ಮಾತ್ರ ಆರ್ಡರ್ ಬರೆದ ದಿನವೇ ಕಮಿಷನ್ ಕೇಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 219ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಏಜೆಂಟಿಗೆ ಹಣ ಬಾಕಿ ಆಗುವುದಿಲ್ಲ. ಸರಿ, ಆದರೆ ಕೆಲಸ ಮುಗಿಯೋದು ಯಾವಾಗ? ಆರ್ಡರ್ ಬಂದಾಗಲೋ, ಮಾಲು ಹೋದಾಗಲೋ, ದುಡ್ಡು ಕೈಗೆ ಬಂದಾಗಲೋ? ಅದನ್ನು ನಾವೇ ಬರೆದುಕೊಳ್ಳಬೇಕು. ಸಣ್ಣ ಗುಂಪಿಗೆ ದುಡ್ಡು ಬಂದ ಮೇಲೆ ಅನ್ನೋದೇ ವಾಸಿ. ಒಳ್ಳೆ ಏಜೆಂಟ್ ಇದಕ್ಕೆ ಒಪ್ಪದಿದ್ದರೆ ಅರ್ಧ ಮಾಲು ಹೋದಾಗ, ಅರ್ಧ ವಸೂಲಿ ಆದಮೇಲೆ ಅನ್ನಿ.

ಅದೇ ಕಾಯ್ದೆಯ 237ನೇ ಸೆಕ್ಷನ್ ಕೂಡ ಓದಿಕೊಳ್ಳಿ. ರಿಯಾಯಿತಿ ಕೊಡುವ ಅಧಿಕಾರ ಏಜೆಂಟಿಗೆ ಇದೆ ಅಂತ ಅಂಗಡಿಯವರು ನಂಬುವ ಹಾಗೆ ನಾವೇ ನಡೆದುಕೊಂಡಿದ್ದರೆ, ಏಜೆಂಟ್ ಕೊಟ್ಟ ಮಾತಿಗೆ ನಾವು ಕಟ್ಟುಬೀಳಬೇಕಾಗುತ್ತದೆ. ಅದಕ್ಕೇ ರೇಟ್ ಪಟ್ಟಿ ಪ್ರಿಂಟ್ ಹಾಕಿಸಿ, "ಇದಕ್ಕಿಂತ ಕಡಿಮೆಗೆ ನಮ್ಮ ಒಪ್ಪಿಗೆ ಬೇಕು" ಅಂತ ಅದರಲ್ಲೇ ಸೇರಿಸಿ.

ಸ್ಯಾಂಪಲ್ ಕೊಡುವಾಗ ಎಣಿಸಿ ಸಹಿ ಹಾಕಿಸಿಕೊಳ್ಳಿ. ಏಜೆಂಟ್ ಕೆಲಸ ಬಿಟ್ಟು ಹೋದರೆ ಎಷ್ಟು ದಿನದೊಳಗೆ ಸ್ಯಾಂಪಲ್ ವಾಪಸ್, ಅದಕ್ಕೆ ಮುಂಚೆ ತಂದ ಆರ್ಡರಿಗೆ ಕಮಿಷನ್ ಹೇಗೆ ಅನ್ನೋದೂ ಅದೇ ಹಾಳೆಯಲ್ಲಿರಲಿ.