ಎರಡು ವಾರ, ಚೀನಾ: ಎಷ್ಟು ಊರು ನೋಡಬಹುದು?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಎರಡು ವಾರ ಚೀನಾ ಪ್ರವಾಸಕ್ಕೆ ಹೊರಡಬೇಕೆಂದಿದ್ದೇವೆ. ಬೀಜಿಂಗ್, ಶಿಯಾನ್, ಚೆಂಗ್ಡು, ಝಾಂಗ್‌ಜಿಯಾಜಿಯೆ, ಗುಯಿಲಿನ್, ಹಾಂಗ್‌ಕಾಂಗ್, ಹಾಂಗ್‌ಝೌ, ಶಾಂಘೈ ಎಂದು ಎಂಟು ಊರುಗಳ ಪಟ್ಟಿ ಸಿದ್ಧವಾಗಿದೆ. ಅಲ್ಲಿ ವೇಗದ ರೈಲುಗಳಿವೆಯಲ್ಲ, ಇಷ್ಟೂ ಸಾಧ್ಯವೇ? ಯಾವುದನ್ನು ಮೊದಲು ಕಾಯ್ದಿರಿಸಬೇಕು?

ಉತ್ತರ: ಎಂಟೂ ಊರುಗಳಿಗೆ ಹೋಗಬಹುದು, ಆದರೆ ನೋಡಲು ದಿನಗಳು ಉಳಿಯುವುದಿಲ್ಲ. ಪಟ್ಟಿಯನ್ನು ನಾಲ್ಕು ಊರುಗಳಿಗೆ ಇಳಿಸಿ ಎಂಬುದು ನನ್ನ ಸಲಹೆ. ಇದು ಚೀನಾಕ್ಕೆ ಹೊರಡುವವರೆಲ್ಲ ಕೇಳುವ ಪ್ರಶ್ನೆ, ಹಾಗಾಗಿ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

ಹದಿನಾಲ್ಕು ದಿನಗಳಲ್ಲಿ ಬಂದಿಳಿಯುವ ದಿನ, ವಾಪಸ್ ಹೊರಡುವ ದಿನ ಎರಡೂ ಸೇರಿವೆ. ಎಂಟು ಊರು ಎಂದರೆ ನಡುವೆ ಏಳು ಸಲ ಗಂಟುಮೂಟೆ ಕಟ್ಟಬೇಕು. ಎರಡಕ್ಕೆ ಏಳು ಸೇರಿಸಿದರೆ ಒಂಬತ್ತು ದಿನ ಪ್ರಯಾಣಕ್ಕೇ ಹೋಯಿತು. ಉಳಿದ ಐದು ಪೂರ್ಣ ದಿನಗಳನ್ನು ಎಂಟು ಊರುಗಳಿಗೆ ಹಂಚಬೇಕು! ಅದೇ ನಾಲ್ಕು ಊರುಗಳಾದರೆ ಪ್ರಯಾಣಕ್ಕೆ ಐದು ದಿನ, ನೋಡುವುದಕ್ಕೆ ಒಂಬತ್ತು ದಿನ. ಹಾಂಗ್‌ಝೌನಿಂದ ಶಾಂಘೈಗೆ ಒಂದು ಗಂಟೆಯ ರೈಲು, ಅದಕ್ಕೆ ಇಡೀ ದಿನ ಬೇಡ ಎಂದು ನೀವು ಹೇಳಬಹುದು. ನಿಜ. ಹಾಗಿದ್ದಾಗ ಅಲ್ಲಿ ತಂಗುವುದೇಕೆ? ಶಾಂಘೈನಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳಿದರೆ ಪೆಟ್ಟಿಗೆ ಬಿಚ್ಚಿ ಕಟ್ಟುವ ಕೆಲಸವೇ ತಪ್ಪುತ್ತದೆ.

ವೇಗದ ರೈಲಿನ ಅಂಕಿಗಳು ಆಸೆ ಹುಟ್ಟಿಸುತ್ತವೆ. ಬೀಜಿಂಗ್‌ನಿಂದ ಶಿಯಾನ್‌ಗೆ ಸುಮಾರು 1,200 ಕಿ.ಮೀ. ದೂರ, ಹೆಚ್ಚಿನ ರೈಲುಗಳಿಗೆ ನಾಲ್ಕೂವರೆಯಿಂದ ಆರು ಗಂಟೆ ಸಾಕು. ಆದರೆ ರೈಲಿನ ವೇಳಾಪಟ್ಟಿ ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ ಲೆಕ್ಕ ಹಾಕುತ್ತದೆ, ನಾವು ಲೆಕ್ಕ ಹಾಕಬೇಕಾದದ್ದು ಹೋಟೆಲಿನ ಬಾಗಿಲಿನಿಂದ ಹೋಟೆಲಿನ ಬಾಗಿಲಿಗೆ. ಕೊಠಡಿ ಖಾಲಿ ಮಾಡಿ ಮೆಟ್ರೊ ಹಿಡಿದು ಬೀಜಿಂಗ್ ಪಶ್ಚಿಮ ನಿಲ್ದಾಣ ತಲುಪಲು ಒಂದು ಗಂಟೆ ಬೇಕು. ಅಲ್ಲಿ ಪಾಸ್‌ಪೋರ್ಟ್ ಪರಿಶೀಲನೆ, ಸಾಮಾನಿನ ತಪಾಸಣೆ ಮುಗಿಸಿ, ವಿಮಾನ ನಿಲ್ದಾಣದಷ್ಟು ದೊಡ್ಡ ಆವರಣದಲ್ಲಿ ನಿಮ್ಮ ಗೇಟ್ ಹುಡುಕಲು ಇನ್ನೊಂದು ಗಂಟೆ. ರೈಲು ಹೊರಡುವುದಕ್ಕೆ ಕೆಲವು ನಿಮಿಷ ಮೊದಲೇ ಗೇಟ್ ಮುಚ್ಚುತ್ತದೆ, ಓಡಿಬಂದು ಹತ್ತುವ ಅವಕಾಶವಿಲ್ಲ. ಶಿಯಾನ್ ಉತ್ತರ ನಿಲ್ದಾಣದಲ್ಲಿ ಇಳಿದ ಮೇಲೆ ಹಳೆಯ ಊರಿನೊಳಗೆ ಹೋಗಲು ಮತ್ತೆ ಮೆಟ್ರೊ. ಕೂಡಿಸಿದರೆ ಎಂಟು ಗಂಟೆ. ವಿಮಾನದಲ್ಲಿ ಹೋದರೂ ಹೆಚ್ಚೇನೂ ಉಳಿಯುವುದಿಲ್ಲ, ಕಿಟಕಿಯಾಚೆಯ ಬಯಲು ನೋಡುವ ಭಾಗ್ಯವೂ ತಪ್ಪುತ್ತದೆ.

ಇನ್ನು ಬಿಡಬೇಕಾದ ಊರುಗಳು. ಪಟ್ಟಿಯಿಂದ ಮೊದಲು ತೆಗೆಯಬೇಕಾದದ್ದು ಹಾಂಗ್‌ಕಾಂಗ್, ಅದೂ ಇಷ್ಟವಿಲ್ಲವೆಂದಲ್ಲ. ಹಾಂಗ್‌ಕಾಂಗ್‌ಗೆ ಪ್ರತ್ಯೇಕ ವಲಸೆ ವ್ಯವಸ್ಥೆಯಿದೆ. ಅಲ್ಲಿಗೆ ಕಾಲಿಟ್ಟರೆ ಚೀನಾದ ಮುಖ್ಯ ಭೂಭಾಗದಿಂದ ಹೊರಹೋದಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ಹಾಂಗ್‌ಝೌಗಾಗಲಿ ಶಾಂಘೈಗಾಗಲಿ ಮರಳಿ ಬರಲಾಗದು. ನಿಮ್ಮ ಪಟ್ಟಿಯಲ್ಲಿ ಅದು ನಡುವೆ ಇದೆ, ಇದು ಇಡೀ ಪ್ರವಾಸವನ್ನೇ ಕೆಡಿಸಬಲ್ಲ ಜಾಗ. ಜೊತೆಗೆ ಭಾರತೀಯ ಪಾಸ್‌ಪೋರ್ಟ್ ಇರುವವರು ಹಾಂಗ್‌ಕಾಂಗ್‌ಗೆ ವೀಸಾ ಇಲ್ಲದೆ ಹೋಗಬೇಕಾದರೂ ಮುಂಚಿತವಾಗಿ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಕೊಂಡಿರಬೇಕು.

ಝಾಂಗ್‌ಜಿಯಾಜಿಯೆಯ ಕಲ್ಲಿನ ಕಂಬಗಳು ನಿಜಕ್ಕೂ ಅದ್ಭುತ. ಆದರೆ ಆ ಬೆಟ್ಟಗಳು ಮಂಜು, ಮಳೆಯ ಹಿಡಿತದಲ್ಲಿರುತ್ತವೆ. ಒಂದೇ ದಿನ ಇಟ್ಟುಕೊಂಡು ಹೋದವರಿಗೆ ಆ ದಿನ ಬಿಳಿ ಗೋಡೆಯಷ್ಟೇ ಕಾಣಬಹುದು. ಮೂರು ದಿನ ಕೊಡಲಾಗದಿದ್ದರೆ ಬಿಟ್ಟುಬಿಡಿ.

ಉಳಿದ ತಕರಾರು ಚೆಂಗ್ಡು ಮತ್ತು ಗುಯಿಲಿನ್ ನಡುವೆ. ನನ್ನ ಮತ ಚೆಂಗ್ಡುವಿಗೆ. ಶಿಯಾನ್‌ನಿಂದ ಚೆಂಗ್ಡುವಿಗೆ ಹೋಗುವ ದಾರಿಯೇ ಒಂದು ನೋಟ. ಉತ್ತರ ಚೀನಾವನ್ನೂ ದಕ್ಷಿಣ ಚೀನಾವನ್ನೂ ಬೇರ್ಪಡಿಸುವ ಚಿನ್‌ಲಿಂಗ್ ಪರ್ವತಸಾಲನ್ನು ಸುರಂಗಗಳಲ್ಲಿ ಕೊರೆದು 2017ರ ಡಿಸೆಂಬರ್‌ನಲ್ಲಿ ಈ ವೇಗದ ಮಾರ್ಗ ತೆರೆಯಿತು. ಹಿಂದೆ ಹತ್ತು ಗಂಟೆಗೂ ಮೀರಿದ್ದ ಪ್ರಯಾಣ ಈಗ ಸುಮಾರು ನಾಲ್ಕು ಗಂಟೆ. ಅತ್ತ ಗೋಧಿ ಬೆಳೆಯುವ ಒಣ ಸೀಮೆಯಲ್ಲಿ ರೈಲು ಹತ್ತಿ, ಇತ್ತ ಹಸಿರು, ತೇವ, ಮೋಡ ಕವಿದ ಬಯಲಿನಲ್ಲಿ ಇಳಿಯುತ್ತೀರಿ.

ಚೆಂಗ್ಡು ಎಂದೊಡನೆ ಎಲ್ಲರಿಗೂ ಪಾಂಡಾ ನೆನಪಾಗುತ್ತದೆ. ಬೆಳಿಗ್ಗೆ ಪಾಂಡಾ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಅವು ತಿಂದು ಆಡುವುದು ಆಗಲೇ. ಮಧ್ಯಾಹ್ನಕ್ಕೆ ಹೋದರೆ ಮಲಗಿದ ಬೆನ್ನುಗಳನ್ನು ನೋಡಿ ಬರುತ್ತೀರಿ. ಆದರೆ ನಾನು ಒತ್ತಾಯಿಸುವುದು ಡುಜಿಯಾಂಗ್‌ಯಾನ್‌ನ ಪುರಾತನ ನೀರಾವರಿ ವ್ಯವಸ್ಥೆ ನೋಡಿ ಎಂದು. ಚೆಂಗ್ಡುವಿನಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಕ್ರಿ.ಪೂ. 256ರ ಸುಮಾರಿಗೆ ಲೀ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಅಣೆಕಟ್ಟು ಕಟ್ಟದೆ, ನದಿಯ ನಡುವೆ ಒಡ್ಡು ಹಾಕಿ ಹರಿವನ್ನು ಎರಡಾಗಿ ಸೀಳಿ, ಬೆಟ್ಟ ಕಡಿದು ಒಂದು ಕವಲನ್ನು ಬಯಲಿಗೆ ತಿರುಗಿಸಿದ. ಬಿದಿರಿನ ಬುಟ್ಟಿಗಳಲ್ಲಿ ಕಲ್ಲು ತುಂಬಿ ಕಟ್ಟಿದ ಆ ವ್ಯವಸ್ಥೆ ದುರಸ್ತಿಗಳೊಂದಿಗೆ ಇಂದಿಗೂ ಚೆಂಗ್ಡು ಬಯಲಿಗೆ ನೀರುಣಿಸುತ್ತಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕೆಲಸ ಇನ್ನೂ ದುಡಿಯುತ್ತಿರುವುದನ್ನು ತೂಗುಸೇತುವೆಯ ಮೇಲೆ ನಿಂತು ನೋಡುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಕೆರೆ, ಕಾಲುವೆ, ತೂಬು ಎಂದರೆ ಕಿವಿ ನಿಮಿರುವವರು ಇದನ್ನು ತಪ್ಪಿಸಲೇಬಾರದು.

ಹೀಗಾದರೆ ನಾಲ್ಕು ಊರುಗಳು, ಹದಿಮೂರು ರಾತ್ರಿಗಳು: ಬೀಜಿಂಗ್‌ನಲ್ಲಿ ನಾಲ್ಕು, ಶಿಯಾನ್, ಚೆಂಗ್ಡು, ಶಾಂಘೈಗಳಲ್ಲಿ ಮೂರು ಮೂರು. ಬೀಜಿಂಗ್‌ನಲ್ಲಿ ಇಳಿದು ಶಾಂಘೈನಿಂದ ಮರಳುವಂತೆ ವಿಮಾನದ ಟಿಕೆಟ್ ತೆಗೆದುಕೊಳ್ಳಿ. ಇಳಿದ ಊರಿಗೇ ಮರಳಿ ಬಂದು ವಿಮಾನ ಹತ್ತುವ ಟಿಕೆಟ್ ಅಗ್ಗವಾಗಿ ಕಂಡರೂ ಒಂದು ಪ್ರಯಾಣ, ಒಂದು ದಿನ ಹೆಚ್ಚಾಗುತ್ತದೆ. ಚೆಂಗ್ಡುವಿನಿಂದ ಶಾಂಘೈಗೆ ಮಾತ್ರ ವಿಮಾನವೇ ಸರಿ. ಸುಮಾರು ಮೂರು ಗಂಟೆಯ ಹಾರಾಟ, ರೈಲಿಗೆ ಹತ್ತು ಗಂಟೆಗೂ ಮೇಲೆ. ಚೆಂಗ್ಡುವಿಗೂ ಶಾಂಘೈಗೂ ಎರಡೆರಡು ವಿಮಾನ ನಿಲ್ದಾಣಗಳಿವೆ, ಟಿಕೆಟ್‌ನಲ್ಲಿ ಯಾವುದೆಂದು ನೋಡಿಕೊಳ್ಳಿ. ಚೆಂಗ್ಡುವಿನ ತಿಯಾನ್‌ಫು ನಿಲ್ದಾಣ ಊರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ, ಶುವಾಂಗ್ಲಿಯು ಹತ್ತಿರದಲ್ಲಿದೆ. ಶಾಂಘೈನಲ್ಲಿ ಪುಡಾಂಗ್‌ಗಿಂತ ಹಾಂಗ್‌ಚಾವ್‌ನಲ್ಲಿ ಇಳಿಯುವುದು ಮೇಲು.

ದಿನಗಳನ್ನು ಜೋಡಿಸುವಾಗ ವಾರ ಮುಖ್ಯ. ಬೀಜಿಂಗ್‌ನ ನಿಷೇಧಿತ ನಗರಿ, ಅಂದರೆ ಹಳೆಯ ಚಕ್ರವರ್ತಿಗಳ ಅರಮನೆ, ಹಬ್ಬದ ರಜೆಗಳನ್ನು ಬಿಟ್ಟರೆ ಸೋಮವಾರ ಮುಚ್ಚಿರುತ್ತದೆ. ಅದರ ಟಿಕೆಟ್ ಸಿಗುವುದು ಏಳು ದಿನ ಮೊದಲು, ಬೀಜಿಂಗ್ ಸಮಯ ರಾತ್ರಿ 8ಕ್ಕೆ, ಅಂದರೆ ನಮ್ಮ ಸಂಜೆ 5.30ಕ್ಕೆ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕಾಯ್ದಿರಿಸಬೇಕು, ಬಾಗಿಲಿಗೆ ಹೋಗಿ ಕೊಳ್ಳುತ್ತೇವೆ ಎಂಬುದು ನಡೆಯದು. ಪಕ್ಕದ ತಿಯಾನನ್ಮೆನ್ ಚೌಕಕ್ಕೂ ಬೇರೆಯೇ ಮುಂಗಡ ನೋಂದಣಿ ಬೇಕು. ಹಾಗಾಗಿ ಶನಿವಾರ ಬೀಜಿಂಗ್‌ನಲ್ಲಿ ಇಳಿಯುವಂತೆ ನೋಡಿಕೊಳ್ಳಿ. ಭಾನುವಾರ ಸ್ವರ್ಗ ದೇಗುಲದ ಉದ್ಯಾನದಲ್ಲಿ ನಿಧಾನವಾಗಿ ಅಡ್ಡಾಡಿ. ಸೋಮವಾರ ಮಹಾಗೋಡೆ, ವಾರಾಂತ್ಯದ ಜನಜಾತ್ರೆ ಇರುವುದಿಲ್ಲ. ಮಂಗಳವಾರ ನಿಷೇಧಿತ ನಗರಿ. ದಕ್ಷಿಣದ ಬಾಗಿಲಲ್ಲಿ ಒಳಹೊಕ್ಕು ಉತ್ತರದಲ್ಲಿ ಹೊರಬಂದರೆ ಎದುರಿಗೇ ಜಿಂಗ್‌ಶಾನ್ ಗುಡ್ಡ, ಅರಮನೆಯ ಕಂದಕ ತೋಡಿದ ಮಣ್ಣಿನಿಂದ ಎದ್ದದ್ದು. ಕಾಲು ಸೋತಿದ್ದರೂ ಹತ್ತಿ. 1420ರಲ್ಲಿ ಮುಗಿದ ಆ ಇಡೀ ಅರಮನೆಯ ಹಳದಿ ಮಾಡುಗಳು ಒಂದೇ ನೋಟಕ್ಕೆ ಸಿಗುವುದು ಅಲ್ಲಿಂದ.

ಮಹಾಗೋಡೆಯ ಬಾದಾಲಿಂಗ್ ಭಾಗಕ್ಕೆ ವೇಗದ ರೈಲೇ ಇದೆ, ಆದರೆ ಅಲ್ಲಿ ಜನವೂ ಅಷ್ಟೇ. ಹಿರಿಯರು ಜೊತೆಗಿದ್ದರೆ ಗೋಡೆಯ ಮುಟಿಯನ್ಯು ಭಾಗ ಒಳ್ಳೆಯದು, ಬೀಜಿಂಗ್‌ನಿಂದ ಸುಮಾರು 70 ಕಿ.ಮೀ., ಕೇಬಲ್ ಕಾರ್ ಇದೆ.

ಶಿಯಾನ್‌ನಲ್ಲಿ, ಚೀನಾದ ಮೊದಲ ಚಕ್ರವರ್ತಿಯ ಗೋರಿಯ ಕಾವಲಿಗೆಂದು ಹೂತಿಟ್ಟ ಮಣ್ಣಿನ ಸೈನಿಕರಿಗೆ ಒಂದು ಪೂರ್ಣ ದಿನ ಮೀಸಲಿಡಿ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಆ ಜಾಗ ಊರಿನ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿದೆ. ಮರುದಿನ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ತುಳಿಯಬಹುದು, ಸುತ್ತಳತೆ 13.7 ಕಿ.ಮೀ. ಶಾಂಘೈನ ಎರಡು ಪೂರ್ಣ ದಿನಗಳಲ್ಲಿ ಒಂದನ್ನು ಊರಿಗೆ, ಇನ್ನೊಂದನ್ನು ಹಾಂಗ್‌ಝೌಗೆ ಕೊಡಿ. ಬೇಡವೆಂದರೆ ಅರ್ಧ ಗಂಟೆಯ ದೂರದ ಸುಝೌನ ಉದ್ಯಾನಗಳಿವೆ.

ತಾರೀಖಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ವಾರದ ರಜೆ. ಇಡೀ ದೇಶ ಊರು ಬಿಟ್ಟು ಹೊರಡುವ ವಾರ ಅದು. ರೈಲು ಟಿಕೆಟ್ ಸಿಗುವುದಿಲ್ಲ, ಹೋಟೆಲ್ ದರ ಏರುತ್ತದೆ, ಮಹಾಗೋಡೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಅಕ್ಟೋಬರ್ ಮಧ್ಯದ ನಂತರ ಹೊರಡಿ. ಬೀಜಿಂಗ್‌ನ ಆಕಾಶ ತಿಳಿಯಾಗಿ, ಎಲೆಗಳು ಬಣ್ಣಗಟ್ಟುವ ಕಾಲವೂ ಅದೇ.

ಕಾಯ್ದಿರಿಸುವ ಕ್ರಮಕ್ಕೆ ಬರೋಣ. ಪಾಸ್‌ಪೋರ್ಟ್ ಅವಧಿ ಮುಗಿಯುವ ಹತ್ತಿರವಿದ್ದರೆ ಎಲ್ಲಕ್ಕೂ ಮೊದಲು ನವೀಕರಿಸಿ, ಏಕೆಂದರೆ ವೀಸಾ, ರೈಲು, ಅರಮನೆಯ ಟಿಕೆಟ್ ಎಲ್ಲವೂ ಅದೇ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ನಂತರ ವಿಮಾನ, ವೀಸಾ. ವೀಸಾ ಅರ್ಜಿಗೆ ದಿನವಹಿ ಯೋಜನೆ, ಹೋಟೆಲ್ ವಿವರ ಬೇಕಾಗುವುದರಿಂದ ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕೊಠಡಿಗಳನ್ನೇ ಹಿಡಿಯಿರಿ. ಹಲವು ದೇಶಗಳವರಿಗೆ ಇರುವ ಹತ್ತು ದಿನಗಳ ವೀಸಾರಹಿತ ಸೌಲಭ್ಯದ ಪಟ್ಟಿಯಲ್ಲಿ ಭಾರತವಿಲ್ಲ, ಅದನ್ನು ನಂಬಿ ಹೊರಡಬೇಡಿ. ಹೋಟೆಲ್ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರಲಿ, ಉಳಿದ ಸೌಕರ್ಯಗಳೆಲ್ಲ ಆಮೇಲಿನ ಮಾತು.

ರೈಲು ಟಿಕೆಟ್ ಹದಿನೈದು ದಿನ ಮೊದಲಷ್ಟೇ ಮಾರಾಟಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಮೊದಲೇ ಸಿಗಲಿಲ್ಲವೆಂದು ಗಾಬರಿಯಾಗುವವರು ಬಹಳ, ಆಗಬೇಕಿಲ್ಲ. 12306 ಎಂಬ ರೈಲ್ವೆಯ ಅಧಿಕೃತ ತಾಣಕ್ಕೆ ಇಂಗ್ಲಿಷ್ ರೂಪವಿದೆ. ಪಾಸ್‌ಪೋರ್ಟ್ ಪರಿಶೀಲನೆಗೆ ಸಮಯ ಹಿಡಿಯಬಹುದಾದ್ದರಿಂದ ಖಾತೆಯನ್ನು ಮೊದಲೇ ತೆರೆದಿಡಿ. ಕಾಗದದ ಟಿಕೆಟ್ ಇರುವುದಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಸ್ವಯಂಚಾಲಿತ ಗೇಟ್ ಅದನ್ನು ಓದದಿದ್ದರೆ ಸಿಬ್ಬಂದಿ ನಿಂತಿರುವ ಗೇಟಿಗೆ ಹೋಗಿ.

ಹಣದ ವಿಷಯದಲ್ಲಿ ಅಲ್ಲಿನ ಬೀದಿ ಪೂರ್ತಿ ಮೊಬೈಲಿಗೆ ಹೊರಳಿದೆ. ಅಲಿಪೇ ಅಥವಾ ವೀಚಾಟ್ ಎಂಬ ಪಾವತಿ ಆ್ಯಪ್‌ಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಮನೆಯಲ್ಲಿರುವಾಗಲೇ ಜೋಡಿಸಿ, ಏಕೆಂದರೆ ಬ್ಯಾಂಕಿನ ಒಟಿಪಿ ಬರುವುದು ನಿಮ್ಮ ಸಿಮ್‌ಗೆ. 200 ಯುವಾನ್ ಮೀರಿದ ಪಾವತಿಗೆ ಶೇ 3ರಷ್ಟು ಶುಲ್ಕ ಬೀಳುತ್ತದೆ. ಕೆಲವು ನೂರು ಯುವಾನ್ ನಗದೂ ಜೇಬಿನಲ್ಲಿರಲಿ. ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ವೈ-ಫೈನಲ್ಲಿ ತೆರೆಯುವುದಿಲ್ಲ, ನಿಮ್ಮ ದೇಶದ ಸಿಮ್‌ನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ. ಇನ್ನೊಂದು, ಚೀನಾದ 3ಸಿ ಎಂಬ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್‌ಗಳನ್ನು 2025ರ ಜೂನ್ ಕೊನೆಯಿಂದ ದೇಶದೊಳಗಿನ ವಿಮಾನಗಳಲ್ಲಿ ಬಿಡುತ್ತಿಲ್ಲ. ಚೆಂಗ್ಡು ವಿಮಾನ ನಿಲ್ದಾಣದಲ್ಲಿ ಅದನ್ನು ಕಳೆದುಕೊಳ್ಳುವುದು ಬೇಡ.

ಸಸ್ಯಾಹಾರಿಗಳಾದರೆ ಮಾಂಸ, ಮೀನು, ಮೂಳೆಯ ಸಾರು, ಹಂದಿಯ ಕೊಬ್ಬು ಯಾವುದೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿಕೊಂಡು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಬರೀ ಮಾಂಸ ಬೇಡವೆಂದರೆ ತರಕಾರಿಯ ಮೇಲೆ ಕೊಚ್ಚಿದ ಮಾಂಸದ ಚೂರುಗಳು ಬರುವುದುಂಟು. ಬೌದ್ಧ ದೇಗುಲಗಳ ಆಸುಪಾಸಿನಲ್ಲಿ ಶುದ್ಧ ಸಸ್ಯಾಹಾರದ ಊಟದ ಮನೆಗಳಿವೆ, ಚೆಂಗ್ಡುವಿನ ವೆನ್‌ಶು ದೇಗುಲದ್ದು ಅಂಥದ್ದೊಂದು.

ಬಿಟ್ಟ ಊರುಗಳಿಗಾಗಿ ಮರುಗಬೇಡಿ, ಅವೇ ಸೇರಿ ಇನ್ನೊಂದು ಪ್ರವಾಸವಾಗುತ್ತವೆ. ಝಾಂಗ್‌ಜಿಯಾಜಿಯೆಗೆ ಮೂರು ದಿನ ಕೊಟ್ಟು ಗುಯಿಲಿನ್‌ಗೆ ಇಳಿಯಬಹುದು. ಅಲ್ಲಿಂದ ಲೀ ನದಿಯಲ್ಲಿ ದೋಣಿಯೇರಿ ಯಾಂಗ್‌ಶುವೊಗೆ ನಾಲ್ಕೈದು ಗಂಟೆ. 20 ಯುವಾನ್ ನೋಟಿನ ಹಿಂಬದಿಯ ಬೆಟ್ಟಗಳು ಕಾಣುವುದು ಈ ದಾರಿಯ ಶಿಂಗ್‌ಪಿಂಗ್ ಬಳಿ. ಬಳಿಕ ಮೂರು ಗಂಟೆಯೊಳಗೆ ಗುವಾಂಗ್‌ಝೌ, ಅಲ್ಲಿಂದ ಸುಮಾರು ಒಂದು ಗಂಟೆಗೆ ಹಾಂಗ್‌ಕಾಂಗ್‌ನ ಪಶ್ಚಿಮ ಕೌಲೂನ್ ನಿಲ್ದಾಣ. ಆಗ ಹಾಂಗ್‌ಕಾಂಗ್ ಕೊನೆಯ ಊರಾಗುವುದರಿಂದ ಒಂದೇ ಪ್ರವೇಶದ ವೀಸಾ ಸಾಕಾಗುತ್ತದೆ.