ಬಣ್ಣದ ಹಾಳೆಗಾಗಿ ಬಿಚ್ಚಿದ ಪುಸ್ತಕಗಳು

ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಹಳೆಯ ಹಕ್ಕಿ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅಂಥದ್ದು ಕಂಡಾಗ ಅದರ ಮೂಲೆ ನೋಡಿ. ಸಣ್ಣ ಅಕ್ಷರದಲ್ಲಿ ಒಂದು ನಂಬರ್ ಇರುತ್ತದೆ, ಪ್ಲೇಟ್ 26 ಅಂತಲೋ 112 ಅಂತಲೋ. ಪ್ಲೇಟ್ ಅಂದರೆ ಪುಸ್ತಕದೊಳಗಿನ ಚಿತ್ರದ ಹಾಳೆ. ಅಂದರೆ ಇದು ಬಿಡಿ ಚಿತ್ರವಲ್ಲ. ಇದರ ಹಿಂದೆ ಮುಂದೆ ಬೇರೆ ಹಾಳೆಗಳಿದ್ದವು, ಜೊತೆಗೆ ಬರಹವೂ ಇತ್ತು. ಯಾರೋ ಪುಸ್ತಕ ಬಿಚ್ಚಿದ್ದಾರೆ.

ಹೀಗೆ ಬಿಚ್ಚುವುದು ಇಷ್ಟು ಸುಲಭ ಯಾಕಾಯಿತು? ಆ ಪುಸ್ತಕಗಳನ್ನು ಅಚ್ಚು ಹಾಕಿದ ರೀತಿಯಲ್ಲೇ ಉತ್ತರ ಇದೆ.

1551ರಲ್ಲಿ ಜ್ಯೂರಿಕ್‌ನ ಕೊನ್ರಾಡ್ ಗೆಸ್ನರ್ ಪ್ರಾಣಿಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಹೊರತರಲು ಶುರು ಮಾಡಿದರು. ಅದರ ಚಿತ್ರಗಳು ಮರದಚ್ಚಿನವು. ಮರದಚ್ಚಿನಲ್ಲಿ ಗೆರೆ ಉಬ್ಬಿರುತ್ತದೆ, ಅಕ್ಷರದ ಮೊಳೆಯೂ ಉಬ್ಬಿರುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಜೋಡಿಸಿ ಒಂದೇ ಪುಟದಲ್ಲಿ ಒತ್ತಬಹುದಿತ್ತು. ಪ್ರಾಣಿಯೂ ಅದರ ಕತೆಯೂ ಅಕ್ಕಪಕ್ಕದಲ್ಲೇ ಇರುತ್ತಿದ್ದವು.

ಆಮೇಲೆ ತಾಮ್ರದ ತಗಡು ಬಂತು. ಗರಿಯ ಎಳೆ ಎಳೆಯನ್ನೂ ಅದರಲ್ಲಿ ತೋರಿಸಬಹುದಿತ್ತು. ಆದರೆ ಇಲ್ಲಿ ಶಾಯಿ ನಿಲ್ಲುವುದು ಕೊರೆದ ಗೀರುಗಳ ಒಳಗೆ. ಅದನ್ನು ಕಾಗದಕ್ಕೆ ಎತ್ತಲು ಭಾರದ ಉರುಳೆಗಳ ಬೇರೆಯೇ ಯಂತ್ರ ಬೇಕು. ಅಕ್ಷರ ಒಂದು ಕಡೆ ಅಚ್ಚಾಯಿತು, ಚಿತ್ರ ಇನ್ನೊಂದು ಕಡೆ. ಬೈಂಡಿಂಗ್ ಮಾಡುವವನ ಸೂಜಿ ದಾರ ಇವೆರಡನ್ನೂ ಮತ್ತೆ ಸೇರಿಸಬೇಕಿತ್ತು. ಚಿತ್ರ ಬರಹದಿಂದ ದೂರವಾಗಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಮುಂದೆ ಬಂದ ಕತ್ತರಿ ಈ ಹೊಲಿಗೆಯನ್ನೇ ಬಿಚ್ಚಿತು.

ಹಾಗೆ ಬಿಚ್ಚಿದಾಗ ಏನು ಹೋಗುತ್ತದೆ ಎನ್ನುವುದಕ್ಕೆ ಹುಳುಗಳ ಚಿತ್ರ ಬರೆಯುತ್ತಿದ್ದ ಮರಿಯಾ ಸಿಬಿಲ್ಲಾ ಮೆರಿಯನ್ ಅವರ ಪುಸ್ತಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1699ರಲ್ಲಿ, 52ನೇ ವಯಸ್ಸಿನಲ್ಲಿ, ಅವರು ಮಗಳ ಜೊತೆ ಆಮ್‌ಸ್ಟರ್‌ಡ್ಯಾಮ್‌ನಿಂದ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು. 1705ರಲ್ಲಿ 60 ಪ್ಲೇಟ್‌ಗಳ ಪುಸ್ತಕ ಬಂತು. ಹುಳು, ಅದರ ಗೂಡು, ಚಿಟ್ಟೆ, ಅದು ತಿನ್ನುವ ಗಿಡ ಎಲ್ಲವೂ ಒಂದೇ ಹಾಳೆಯಲ್ಲಿ. ಅದರ 45ನೇ ಪ್ಲೇಟ್‌ನಲ್ಲಿ ಇರುವುದು ರತ್ನಗಂಧಿ ಹೂ. ಕೆಂಪು ಹಳದಿ ದಳ, ಪಕ್ಕದಲ್ಲಿ ಪತಂಗ. ನೋಡಲು ಎಷ್ಟು ಚೆಂದ ಅಲ್ವಾ? ಬರಹ ಓದಿದರೆ ಎದೆ ಭಾರವಾಗುತ್ತದೆ. ಗುಲಾಮಗಿರಿಯಲ್ಲಿದ್ದ ಹೆಂಗಸರು ತಮ್ಮ ಮಕ್ಕಳೂ ಗುಲಾಮರಾಗಿ ಹುಟ್ಟಬಾರದು ಅಂತ ಈ ಗಿಡದ ಬೀಜ ತಿಂದು ಗರ್ಭ ಇಳಿಸಿಕೊಳ್ಳುತ್ತಿದ್ದರು. ಇದನ್ನು ಅವರೇ ತನಗೆ ಹೇಳಿದರು ಎಂದು ಮೆರಿಯನ್ ಬರೆದಿದ್ದಾರೆ. ಚೌಕಟ್ಟಿನೊಳಗೆ ಉಳಿಯುವುದು ಹೂ ಮಾತ್ರ.

ಇನ್ನು ಬಣ್ಣದ ಮಾತು. ಅಚ್ಚಾಗಿ ಬರುತ್ತಿದ್ದುದು ಬರೀ ಕಪ್ಪು ಗೆರೆ. ಮೊದಲು ಒಂದು ಮಾದರಿ ಹಾಳೆ ತಯಾರಾಗುತ್ತಿತ್ತು. ಅದನ್ನು ಎದುರಿಗಿಟ್ಟುಕೊಂಡು ಒಬ್ಬರು ನೀಲಿ, ಪಕ್ಕದವರು ಹಳದಿ, ಹೀಗೆ ಒಂದೊಂದೇ ಹಾಳೆಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಈ ಕೆಲಸದಲ್ಲಿ ಹೆಂಗಸರು, ಹುಡುಗಿಯರು ಬಹಳ ಇದ್ದರು. ಹೆಚ್ಚಿನವರ ಹೆಸರು ಎಲ್ಲೂ ಇಲ್ಲ. ಜಾನ್ ಜೇಮ್ಸ್ ಆಡುಬಾನ್ ಅವರ ಅಮೆರಿಕದ ಹಕ್ಕಿಗಳ ಪುಸ್ತಕ ಎಡಿನ್‌ಬರೋದಲ್ಲಿ ಶುರುವಾಯಿತು. 1827ರಲ್ಲಿ ಅಲ್ಲಿನ ಬಣ್ಣಗಾರರು ಮುಷ್ಕರ ಹೂಡಿದರು. ಕೆಲಸ ನಿಂತಿತು. ಆಡುಬಾನ್ ಲಂಡನ್‌ನಲ್ಲಿ ತಗಡು ಕೊರೆಯುತ್ತಿದ್ದ ಹ್ಯಾವೆಲ್ ಅವರ ಬಳಿ ಹೋದರು, 1838ರಲ್ಲಿ ಪುಸ್ತಕ ಮುಗಿಯಿತು. ಒಟ್ಟು 435 ಪ್ಲೇಟ್. ತಯಾರಾದ ಪೂರ್ತಿ ಸೆಟ್‌ಗಳು 200ರ ಒಳಗೆ. ಆದರೂ ಕುಂಚ ಮುಟ್ಟಿದ ಹಾಳೆಗಳ ಲೆಕ್ಕ 70 ಸಾವಿರ ದಾಟುತ್ತದೆ. ಮುಷ್ಕರ ಮಾಡಿದಾಗ ಮಾತ್ರ ಆ ಕೈಗಳು ಚರಿತ್ರೆಯಲ್ಲಿ ಕಾಣಿಸಿಕೊಂಡವು.

ಇಷ್ಟು ದುಬಾರಿ ಪುಸ್ತಕವನ್ನು ಒಂದೇ ಸಲ ಮಾರುವುದು ಕಷ್ಟ. ಅದಕ್ಕೆ ಚಂದಾದಾರರಿಗೆ ಕಂತು ಕಂತಾಗಿ ಕಳಿಸುತ್ತಿದ್ದರು. ಅಮೆರಿಕದ ಹಕ್ಕಿ, ಗಿಡಗಳ ಚಿತ್ರ ಬರೆದ ಇಂಗ್ಲೆಂಡಿನ ಮಾರ್ಕ್ ಕೇಟ್ಸ್‌ಬಿ 1729ರಿಂದಲೇ ಹೀಗೆ 20 ಪ್ಲೇಟ್‌ಗಳ ಕಂತು ಮಾಡಿ ಮಾರಿದರು. ಕೊರೆಸಲು ದುಡ್ಡಿಲ್ಲದೆ ತಾವೇ ತಾಮ್ರ ಕೊರೆಯುವುದನ್ನು ಕಲಿತ ಮನುಷ್ಯ ಅವರು. ಆಡುಬಾನ್ ಅವರದು ಕಂತಿಗೆ ಐದು ಹಾಳೆ, ಒಟ್ಟು 87 ಕಂತು. ಕೊಂಡವರು ಎಲ್ಲ ಕೂಡಿಸಿ ಬೈಂಡ್ ಮಾಡಿಸುವಾಗ ಕಂತಿನ ಹೊದಿಕೆ ಕಾಗದವನ್ನು ಬೈಂಡರ್ ಬಿಸಾಡುತ್ತಿದ್ದ. ಎಷ್ಟೋ ಪುಸ್ತಕಗಳಲ್ಲಿ ತಾರೀಕು ಇರುತ್ತಿದ್ದುದು ಅದರ ಮೇಲೇ. ಸುಮ್ನೆ ಕಸ ಅಂತ ಎಸೆದದ್ದು ವಿಜ್ಞಾನಕ್ಕೆ ದೊಡ್ಡ ತಲೆನೋವಾಯಿತು. ಪ್ರಾಣಿಗೆ ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎನ್ನುವುದು ನಿಯಮ. ಯಾವ ಹಾಳೆ ಯಾವ ವರ್ಷ ಬಂತು ಅಂತ ಗೊತ್ತಿಲ್ಲದಿದ್ದರೆ ಯಾವ ಹೆಸರು ಮೊದಲು ಎಂದು ಹೇಗೆ ತೀರ್ಮಾನಿಸುವುದು? ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಅಮೆರಿಕದ ಅನೇಕ ಹಕ್ಕಿಗಳಿಗೆ ಹೆಸರಿಟ್ಟಿದ್ದು ಕೇಟ್ಸ್‌ಬಿ ಚಿತ್ರಗಳನ್ನು ನಂಬಿಯೇ. ಇವು ಅಲಂಕಾರದ ಹಾಳೆಗಳಲ್ಲ, ಸಾಕ್ಷಿಗಳು.

19ನೇ ಶತಮಾನದಲ್ಲಿ ಕಲ್ಲಚ್ಚು ಬಂದು ಕೆಲಸ ಸ್ವಲ್ಪ ಹಗುರವಾಯಿತು. ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಲಿಯರ್ ತಮ್ಮ ಗಿಳಿ ಪುಸ್ತಕದ ಚಿತ್ರಗಳನ್ನು ತಾವೇ ಕಲ್ಲಿನ ಮೇಲೆ ಬರೆದರು. 175 ಪ್ರತಿ ತೆಗೆದು ಕಲ್ಲಿನ ಮೇಲಿನ ಚಿತ್ರ ಅಳಿಸಿಬಿಟ್ಟರು. ಅಂಥ ಪುಸ್ತಕದ ಒಂದು ಪ್ರತಿ ಬಿಚ್ಚಿಹೋದರೂ ನಷ್ಟವೇ. ಮುಂದೆ ಬಣ್ಣವನ್ನೂ ಅಚ್ಚಿನಲ್ಲೇ ಒತ್ತುವ ವಿಧಾನ ಬಂತು. ಫೋಟೋ ಬಂತು. ಕೈಬಣ್ಣ ಮೆಲ್ಲಗೆ ಮರೆಯಾಯಿತು. ಕರ್ಟಿಸ್ ಅವರ ಸಸ್ಯಪತ್ರಿಕೆ ಮಾತ್ರ 1787ರಿಂದ 1948ರವರೆಗೂ ಅದನ್ನು ಬಿಡಲಿಲ್ಲ.

ಕೈಬಣ್ಣ ಅಪರೂಪವಾದ ಮೇಲೆ ಕತ್ತರಿಗೆ ಕೆಲಸ ಜಾಸ್ತಿಯಾಯಿತು. ಇಡೀ ಪುಸ್ತಕ ಕೊಳ್ಳುವವರು ಕೆಲವೇ ಮಂದಿ, ಒಂದು ಹಾಳೆ ಕೊಳ್ಳುವವರು ನೂರಾರು. ಬಿಡಿ ಮಾರಿದರೆ ಒಟ್ಟು ಹಣ ಹೆಚ್ಚು ಬರುತ್ತದೆ. ಮೊದಲೇ ಹರಿದಿದ್ದ, ಅರ್ಧ ಹಾಳೆ ಕಳೆದುಹೋಗಿದ್ದ ಪ್ರತಿಗಳನ್ನಷ್ಟೇ ಬಿಚ್ಚುತ್ತೇವೆ ಎನ್ನುವ ವ್ಯಾಪಾರಿಗಳಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಗಟ್ಟಿಯಾಗಿದ್ದ ಪ್ರತಿಗಳೂ ಹೀಗೇ ಹೋಗಿವೆ. ಬಣ್ಣ ಇಲ್ಲದ ಹಳೆಯ ಹಾಳೆಗೆ ಈಗ ಬಣ್ಣ ಹಚ್ಚಿ ಮಾರುವುದೂ ಇದೆ. ಕೊಳ್ಳುವ ಮುಂಚೆ ಹಾಳೆಯ ಹಿಂಬದಿ ನೋಡಿ. ತಾಮ್ರದಿಂದ ಮಾಡಿದ ಹಳೆಯ ಹಸಿರು ವರ್ಷಗಳು ಕಳೆದಂತೆ ಕಾಗದವನ್ನು ತಿಂದು ಹಿಂದೆ ಕಂದು ಕಲೆ ಬಿಡುತ್ತದೆ. ನಿನ್ನೆ ಮೊನ್ನೆ ಹಚ್ಚಿದ ಹಸಿರಿಗೆ ಆ ಗುರುತು ಇರುವುದಿಲ್ಲ.

2006ರಲ್ಲಿ ಶುರುವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಇಂಥ ಎಷ್ಟೋ ಪುಸ್ತಕಗಳನ್ನು ಯಾರು ಬೇಕಾದರೂ ಉಚಿತವಾಗಿ, ಪುಟ ತಿರುಗಿಸಿ ಓದಬಹುದು. ಹಾಗಂತ ಮೂಲ ಪ್ರತಿ ಬೇಡ ಅಂತಲ್ಲ. ಕೈಯಿಂದ ಹಚ್ಚಿದ ಬಣ್ಣ ಪ್ರತಿಯಿಂದ ಪ್ರತಿಗೆ ಬೇರೆ. ಹಕ್ಕಿಯ ನಿಜವಾದ ಬಣ್ಣ ತಿಳಿಯಲು ಹಲವು ಪ್ರತಿಗಳನ್ನು ಹೋಲಿಸಬೇಕಾಗುತ್ತದೆ.

ಆಡುಬಾನ್ ಪುಸ್ತಕದ 26ನೇ ಪ್ಲೇಟ್ ಕ್ಯಾರೊಲಿನಾ ಗಿಳಿಯದು. ಒಂದು ಮುಳ್ಳುಗಿಡದ ಮೇಲೆ ಏಳು ಗಿಳಿಗಳು ರೆಕ್ಕೆ ಬಿಚ್ಚಿ, ಕತ್ತು ತಿರುಗಿಸಿ ಕೂತಿವೆ. ಇದಕ್ಕೆ ಬರಹ ಬೇರೆಯೇ ಸಂಪುಟದಲ್ಲಿ, 1831ರಲ್ಲಿ ಬಂತು. ಈ ಗಿಳಿಗಳು ಬಹಳ ಬೇಗ ಕಡಿಮೆಯಾಗುತ್ತಿವೆ ಎಂದು ಆಡುಬಾನ್ ಅದರಲ್ಲಿ ಬರೆದಿದ್ದರು. ಸಾಕಿದ್ದವುಗಳಲ್ಲಿ ಕೊನೆಯದು 1918ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.